ಮೈಸೂರಿನಲ್ಲಿ ಕೂತು ಸೊಸೆಯ ಕ್ವೇಕರ್ ಹಿರಿಯರನ್ನು ಹುಡುಕಿದ ಕತೆ

ನನ್ನ ಸೊಸೆ ಅಮೆರಿಕದ ಇಂಡಿಯಾನಾದವಳು. ಅಜ್ಜಿಯ ಕಡೆಯವರು ಕ್ವೇಕರ್‌ಗಳು, ಅಂದ್ರೆ ಕ್ರೈಸ್ತರಲ್ಲೇ ಒಂದು ಪಂಗಡದವರು ಅಂತ ಮಾತ್ರ ಅವಳಿಗೆ ಗೊತ್ತಿತ್ತು. ಮೊಮ್ಮಗಳಿಗಾಗಿ ವಂಶವೃಕ್ಷ ಬರೆದೆ. ನಮ್ಮ ಕಡೆ ತುಂಬಿತ್ತು, ತಾಯಿಯ ಕಡೆ ಖಾಲಿ. ಅದನ್ನು ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ.

ಕ್ವೇಕರ್‌ಗಳಲ್ಲಿ ಬ್ಯಾಪ್ಟಿಸಂ ಇಲ್ಲ, ಹಾಗಾಗಿ ಹೆಸರು ಹುಡುಕೋಕೆ ಬ್ಯಾಪ್ಟಿಸಂ ಪಟ್ಟಿಯೂ ಇಲ್ಲ. ಹಿಂದೆ ಸಮಾಧಿಗೆ ಹೆಸರಿನ ಕಲ್ಲನ್ನೂ ಹೆಚ್ಚಾಗಿ ಇಡುತ್ತಿರಲಿಲ್ಲ. ಎಲ್ಲ ಇರುವುದು ಮಂತ್ಲಿ ಮೀಟಿಂಗ್ ಪುಸ್ತಕಗಳಲ್ಲಿ. ಆಯಾ ಸೀಮೆಯವರು ತಿಂಗಳಿಗೊಮ್ಮೆ ಸೇರಿ ಮದುವೆ, ತಪ್ಪು, ಕ್ಷಮೆ ಎಲ್ಲ ಬರೆದಿಡುತ್ತಿದ್ದರು. ಆ ಕೂಟಕ್ಕೇ ಮೀಟಿಂಗ್ ಅನ್ನೋದು.

ನನ್ನ ಕೈ ಹಿಡಿದಿದ್ದು ಊರು ಬಿಡುವಾಗ ಕೊಡುತ್ತಿದ್ದ ಸರ್ಟಿಫಿಕೇಟ್. ಇವರು ನಮ್ಮವರು, ಸಾಲ ಉಳಿಸಿಕೊಂಡಿಲ್ಲ, ಇಲ್ಲಿ ಯಾರಿಗೂ ಮದುವೆಯ ಮಾತು ಕೊಟ್ಟಿಲ್ಲ ಅಂತ ಹಳೇ ಮೀಟಿಂಗ್ ಬರೆದುಕೊಡುತ್ತಿತ್ತು. ಹೊಸ ಮೀಟಿಂಗ್ ಅದನ್ನು ತನ್ನ ಪುಸ್ತಕಕ್ಕೆ ಏರಿಸುತ್ತಿತ್ತು. ಇಂಡಿಯಾನಾದ ರಿಚ್‌ಮಂಡ್‌ನಲ್ಲಿ 1809ರಲ್ಲಿ ಶುರುವಾದ ವೈಟ್‌ವಾಟರ್ ಮೀಟಿಂಗ್‌ನಿಂದ ಹಿಂದಕ್ಕೆ ನಡೆದೆ. ನಾರ್ತ್ ಕ್ಯಾರೊಲೈನಾದ ನ್ಯೂ ಗಾರ್ಡನ್ ಸಿಕ್ಕಿತು. ಗುಲಾಮಗಿರಿ ಇರುವ ನೆಲದಲ್ಲಿ ಬಾಳಲಾರೆವು ಅಂತ ಎಷ್ಟೋ ಕುಟುಂಬಗಳು ಅಲ್ಲಿಂದ ಹೊರಟಿದ್ದವು. ಅದಕ್ಕೂ ಹಿಂದೆ ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿ.

ಶುರು ಮಾಡುವವರಿಗೆ ವಿಲಿಯಂ ವೇಡ್ ಹಿನ್‌ಷಾ 1936ರಿಂದ ಹೊರತಂದ ಕ್ವೇಕರ್ ವಂಶಾವಳಿ ಸಂಪುಟಗಳು ತುಂಬಾ ಸಹಾಯ. ಅವುಗಳಲ್ಲಿರುವುದು ದಾಖಲೆಗಳ ಸಾರಾಂಶ, ಅದೂ ಚುಟುಕು ಸಂಕೇತಗಳಲ್ಲಿ. 'ಜಿಸಿಟಿ' ಅಂದ್ರೆ ಇಂಥ ಊರಿಗೆ ಸರ್ಟಿಫಿಕೇಟ್ ಕೊಟ್ಟರು. 'ಎಂಓಯು' ಅಂದ್ರೆ ನಿಯಮ ಮೀರಿ ಮದುವೆಯಾದರು. ಆದರೆ ಅಲ್ಲಿಗೇ ನಿಲ್ಲಬೇಡಿ. ಸ್ಕ್ಯಾನ್ ಮಾಡಿದ ಮೂಲ ಪುಟಗಳನ್ನು ನೋಡಲೇಬೇಕು.

ದಿನಾಂಕದಲ್ಲಿ ನಾನು ಎಡವಿದೆ. ಹಿರಿಯರೊಬ್ಬರು 1739ರ 10ನೇ ತಿಂಗಳು ತೀರಿಕೊಂಡರು ಅಂತ ಮೀಟಿಂಗ್ ಪುಸ್ತಕದಲ್ಲಿತ್ತು. ಅವರ ಉಯಿಲಿನಲ್ಲಿ ಅದೇ ವರ್ಷದ ನವೆಂಬರ್ ಸಹಿ! ಸತ್ತವರು ಸಹಿ ಹಾಕೋದು ಹೇಗೆ? ಬೇರೆ ಯಾರೋ ಅಂತ ಪಕ್ಕಕ್ಕಿಟ್ಟೆ. ಎರಡು ವಾರ ಹೋಯಿತು. ಆಮೇಲೆ ತಿಳಿಯಿತು, 1752ಕ್ಕೆ ಮುಂಚೆ ಅವರ ಮೊದಲ ತಿಂಗಳು ಮಾರ್ಚ್. ಹತ್ತನೆಯದು ಡಿಸೆಂಬರ್. ಹಳೇ ದೇವರುಗಳ ಹೆಸರು ಹೇಳಬಾರದು ಅಂತ ತಿಂಗಳಿಗೂ ವಾರಕ್ಕೂ ಅಂಕಿ ಬಳಸುತ್ತಿದ್ದರು. ಮಾರ್ಚ್ ಹೊತ್ತಿಗೆ ವರ್ಷ ತಿರುಗೋದು ಯುಗಾದಿ ಮಾಡುವ ನಮಗೆ ಹೊಸದಲ್ಲ, ಅಲ್ವಾ? ಆದರೂ ನನಗೆ ಹೊಳೆದಿರಲಿಲ್ಲ. ಈಗ ಪುಟದಲ್ಲಿ ಇರುವ ಹಾಗೇ ಮೊದಲು ಬರೆದುಕೊಂಡು, ಕೆಳಗೆ ಈಗಿನ ತಿಂಗಳು ಹಾಕುತ್ತೇನೆ.

ಹೆಂಗಸರ ಮೀಟಿಂಗ್ ಬೇರೆ, ಅವರ ಪುಸ್ತಕವೂ ಬೇರೆ. ಅದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಸೊಸೆಯ ಮುತ್ತಜ್ಜಿಯ ಮುತ್ತಜ್ಜಿ ನನಗೆ ಸಿಕ್ಕಿದ್ದು ಅಲ್ಲೇ. ಕ್ವೇಕರ್ ಅಲ್ಲದವನನ್ನು ಮದುವೆಯಾದಳು ಅಂತ ಅವಳನ್ನು ಹೊರಗೆ ಹಾಕಿದ್ದರು. ತವರಿನ ಹೆಸರಿನಲ್ಲಿ ಮುಂದೆ ಒಂದು ಸಾಲೂ ಇಲ್ಲ. ಗಂಡನ ಮನೆತನದ ಹೆಸರು ಹಿಡಿದು ಪುಟ ಪುಟ ತಿರುವಿದೆ. ಕೆಲವು ವರ್ಷಗಳ ನಂತರ ಅವಳೇ ಒಂದು ಕಾಗದ ಕೊಟ್ಟಿದ್ದಳು. ತಪ್ಪಾಯಿತು, ನಿಮ್ಮ ಜೊತೆ ಇರಬೇಕು ಅಂತ. ಮೀಟಿಂಗ್ ಒಪ್ಪಿಕೊಂಡಿತ್ತು.

ಆ ಪುಟವನ್ನು ರಾತ್ರಿಯೇ ಸೊಸೆಗೆ ಕಳಿಸಿದೆ. ಅಲ್ಲಿ ಆಗ ಬೆಳಗ್ಗೆ. ಕೂಡಲೇ ಫೋನ್ ಮಾಡಿ, ಆ ಸಾಲುಗಳನ್ನು ನನಗೇ ಓದಿ ಹೇಳಿದಳು.