ನೀರು ತಿಳಿಯಾಯ್ತು ಅಂತ ಮೀನು ಬಿಡ್ಬೇಡಿ

ದಾವಣಗೆರೆಲಿ ಹೊಸದಾಗಿ ಅಕ್ವೇರಿಯಂ ಇಡೋರಲ್ಲಿ ಹೆಚ್ಚಿನವರು ಮಾಡೋ ತಪ್ಪು ಒಂದೇ. ಟ್ಯಾಂಕು, ಜಲ್ಲಿ, ಮೋಟ್ರು, ಜೊತೆಗೇ ಕವರಲ್ಲಿ ಆರು ಗೋಲ್ಡ್ ಫಿಶ್, ಎಲ್ಲಾ ಒಂದೇ ದಿನ ತಂದು ಸಂಜೆಯೊಳಗೆ ಬಿಟ್ಟೂ ಬಿಡ್ತಾರೆ, ವಾರ ಕಳೆಯೋದ್ರೊಳಗೆ ಒಂದೊಂದೇ ಸಾಯ್ತಾ ಬರುತ್ತೆ. ಆಮೇಲೆ "ಅಣ್ಣಾ, ನೀರು ಕ್ಲೀನಾಗೇ ಇತ್ತಲ್ಲ, ಯಾಕೆ ಸತ್ವು?" ಅಂತ ಕೇಳ್ತಾರೆ. ನೀರು ತಿಳಿಯಾಗಿರೋದಕ್ಕೂ ಟ್ಯಾಂಕ್ ರೆಡಿ ಆಗಿರೋದಕ್ಕೂ ಸಂಬಂಧನೇ ಇಲ್ಲ.

ಮೀನಿನ ಕಿವಿರಿಂದ, ಹೇಲಿಂದ, ತಿನ್ನದೆ ಉಳಿದ ಫುಡ್‌ನಿಂದ ಅಮೋನಿಯಾ ಬರುತ್ತೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷನೇ, ಮೀನಿನ ರಕ್ತ ಆಕ್ಸಿಜನ್ ಹೊರೋದನ್ನೇ ತಡೆಯುತ್ತೆ. ಇನ್ನೊಂದು ಜಾತಿ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ, ಅದರಿಂದ ಅಷ್ಟು ತೊಂದ್ರೆ ಇಲ್ಲ, ನೀರು ಬದಲಾಯಿಸ್ತಾ ಇದ್ರೆ ಸಾಕು. ಈ ಎರಡೂ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಾಂಜಲ್ಲಿ ನೆಲೆಯಾಗೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಜಲ್ಲಿ ತೊಳೆಯೋದು, ಮೋಟ್ರು ಕೂರಿಸೋದು ಎಲ್ಲರಿಗೂ ಬರುತ್ತೆ. ನೀರಿನ ವಿಷಯ ಮಾತ್ರ ಹೇಳ್ತೀನಿ. ಕುಂದುವಾಡ ಕೆರೆಯಿಂದ ನಲ್ಲಿಗೆ ಬರೋ ನೀರಲ್ಲಿ ಕ್ಲೋರಿನ್ ಇರುತ್ತೆ, ಅದು ಬ್ಯಾಕ್ಟೀರಿಯಾನೂ ಕೊಲ್ಲುತ್ತೆ, ಹಾಗಾಗಿ ಆಂಟಿ ಕ್ಲೋರಿನ್ ಹಾಕ್ಲೇಬೇಕು. ಬೋರ್ ನೀರಿಗೆ ಅದು ಬೇಡ, ಆದ್ರೆ ನಮ್ ಕಡೆ ಬೋರ್ ನೀರು ಗಡಸು, ಗಡಸು ನೀರಲ್ಲಿ ಸಾಮಾನ್ಯವಾಗಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ, ಅದು ಜಾಸ್ತಿ ಇದ್ದಷ್ಟೂ ಅದೇ ಅಮೋನಿಯಾ ಮೀನಿಗೆ ಹೆಚ್ಚು ವಿಷ ಆಗುತ್ತೆ, ಅದಕ್ಕೇ ಇಲ್ಲಿ ಆತುರ ಇನ್ನೂ ಅಪಾಯ.

ಈಗ ಮೀನಿಲ್ಲದೆ ಬ್ಯಾಕ್ಟೀರಿಯಾಗೆ ಊಟ, ಅಂದ್ರೆ ಅಮೋನಿಯಾ, ಹಾಕ್ಬೇಕು. ಲ್ಯಾಬ್ ಕೆಮಿಕಲ್ ಮಾರೋ ಕಡೆ ಶುದ್ಧ ಅಮೋನಿಯಂ ಕ್ಲೋರೈಡ್ ಸಿಗುತ್ತೆ. ಕಲಾಯಿ ಹಾಕೋರು ಬಳಸೋ ನವಸಾಗರನೂ ಅದೇ, ಆದ್ರೆ ಅದರಲ್ಲಿ ಏನೇನು ಕಲಬೆರಕೆ ಇರುತ್ತೋ, ಬೇಡ. 3 ಗ್ರಾಂ ತೂಗಿಸ್ಕೊಂಡು 100 ಎಂಎಲ್ ನೀರಲ್ಲಿ ಕರಗಿಸಿ ಇಟ್ಕೊಳ್ಳಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತೆ, ಅದಕ್ಕೆ ಈ ದ್ರಾವಣ 10 ಎಂಎಲ್ ಹಾಕಿದ್ರೆ ಅಮೋನಿಯಾ ಹತ್ತತ್ರ 2 ಪಿಪಿಎಂ (ಅಂದ್ರೆ ಲೀಟರಿಗೆ 2 ಮಿಲಿಗ್ರಾಂ) ಆಗುತ್ತೆ. ಅದು ಇಳಿದಾಗ ಮಾತ್ರ ಮತ್ತೆ ಹಾಕಿ.

ಮೊದಲ ವಾರ ನೀರು ಹಾಲಿನ ಥರ ಬೆಳ್ಳಗಾದ್ರೆ ಮುಟ್ಬೇಡಿ, ತಾನೇ ಹೋಗುತ್ತೆ.

ಎಲ್ಲರೂ ಎಡವೋದು ಟೆಸ್ಟ್ ಮಾಡೋದ್ರಲ್ಲಿ. ಪಟ್ಟಿ ಅದ್ದಿ ನೋಡೋ ಟೆಸ್ಟ್ ತಗೋಬೇಡಿ, ಹನಿ ಹಾಕೋ ಲಿಕ್ವಿಡ್ ಕಿಟ್ ತಗೊಳ್ಳಿ. ಬಣ್ಣ ನೋಡೋವಾಗ ಟ್ಯೂಬನ್ನ ಕಿಟಕಿ ಹತ್ರ ಹಗಲು ಬೆಳಕಲ್ಲಿ ಬಿಳಿ ಹಾಳೆ ಮುಂದೆ ಹಿಡೀರಿ, ಬಲ್ಬ್ ಬೆಳಕಲ್ಲಿ ಹಳದಿ ಯಾವುದು ತಿಳಿ ಹಸಿರು ಯಾವುದು ಗೊತ್ತಾಗಲ್ಲ, ಅಮೋನಿಯಾ ಟೆಸ್ಟಲ್ಲಿ ಸೊನ್ನೆಗೂ ಕಾಲು ಪಿಪಿಎಂಗೂ ಇರೋ ವ್ಯತ್ಯಾಸನೇ ಅಷ್ಟು. ನೈಟ್ರೇಟ್ ಕಿಟ್‌ನ ಎರಡನೇ ಬಾಟ್ಲಿನ ಅರ್ಧ ನಿಮಿಷ ಜೋರಾಗಿ ಕುಲುಕಲೇಬೇಕು, ತಳದಲ್ಲಿ ಪುಡಿ ಕೂತಿರುತ್ತೆ, ಇಲ್ಲಾಂದ್ರೆ ನೈಟ್ರೇಟ್ ಇದ್ರೂ ಇಲ್ಲ ಅಂತ ತೋರಿಸುತ್ತೆ.

ಮೊದಲು ಅಮೋನಿಯಾ ಇಳಿಯುತ್ತೆ. ತುಂಬ ಜನ ಅವತ್ತೇ ಅಂಗಡಿಗೆ ಓಡ್ತಾರೆ, ಆದ್ರೆ ಆಗಲೇ ನೈಟ್ರೈಟ್ ಏರ್ತಾ ಇರುತ್ತೆ, ಎಷ್ಟೋ ವಾರ ಇಳಿಯೋದೇ ಇಲ್ಲ. ಇಲ್ಲಿ ಕಾಯ್ಲೇಬೇಕು. ಇನ್ನು ಕೆಲವರು ಟ್ಯಾಂಕಿಗೆ ಏನೂ ಹಾಕದೆ ಟೆಸ್ಟ್ ಮಾಡಿ ಎರಡೂ ಸೊನ್ನೆ, ರೆಡಿ ಅಂತಾರೆ. ಏನೂ ಹಾಕದೇ ಇದ್ರೆ ಮೊದಲ ದಿನವೂ ಸೊನ್ನೆನೇ ಬರೋದು! ಸಂಜೆ 10 ಎಂಎಲ್ ಹಾಕಿ, ಮಾರನೇ ದಿನ ಅದೇ ಹೊತ್ತಿಗೆ ಅಮೋನಿಯಾನೂ ಸೊನ್ನೆ, ನೈಟ್ರೈಟೂ ಸೊನ್ನೆ, ನೈಟ್ರೇಟ್ ಮಾತ್ರ ಏರಿರಬೇಕು. ಸತತ ಎರಡು ದಿನ ಹೀಗೆ ಬಂದ್ರೆ ಟ್ಯಾಂಕ್ ರೆಡಿ. ಕೆಲವು ಬೋರ್ ನೀರಲ್ಲಿ ನೈಟ್ರೇಟ್ ಮೊದಲೇ ಇರುತ್ತೆ, ಅದಕ್ಕೆ ಶುರುವಲ್ಲೇ ಬರೀ ನೀರನ್ನ ಒಮ್ಮೆ ಟೆಸ್ಟ್ ಮಾಡಿ ಬರೆದಿಟ್ಕೊಳ್ಳಿ.

"ಇದು ಹಾಕಿ, ಇವತ್ತೇ ಮೀನು ಬಿಡಿ" ಅಂತ ಕೊಡೋ ಬ್ಯಾಕ್ಟೀರಿಯಾ ಬಾಟ್ಲಿ ನಂಬ್ಬೇಡಿ, ಬೇಸಿಗೆ ಪೂರ್ತಿ ಬಿಸಿಲಿಗೆ ಶೋಕೇಸಲ್ಲಿ ಕೂತಿರೋದ್ರಲ್ಲಿ ಬದುಕಿರೋದು ಎಷ್ಟೋ. ನಾನು ಒಪ್ಪೋ ಶಾರ್ಟ್‌ಕಟ್ ಒಂದೇ, ಪರಿಚಯದೋರ ರೋಗ ಇಲ್ಲದ ಹಳೇ ಟ್ಯಾಂಕಿನ ಸ್ಪಾಂಜ್ ತುಂಡು ಅದೇ ನೀರಲ್ಲಿ ಮುಳುಗಿಸ್ಕೊಂಡು ತಂದು ನಿಮ್ಮ ಫಿಲ್ಟರಲ್ಲಿ ಇಡೋದು, ಕಾಯೋದು ತುಂಬಾ ಕಮ್ಮಿ ಆಗುತ್ತೆ. ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ಯಾವತ್ತೂ ತೊಳೀಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ಕರೆಂಟ್ ಗಂಟೆಗಟ್ಲೆ ಹೋಗೋ ಏರಿಯಾ ಆದ್ರೆ ಬ್ಯಾಟರಿ ಏರ್ ಪಂಪ್ ಇಟ್ಕೊಳ್ಳಿ, ಆಕ್ಸಿಜನ್ ಇಲ್ದೆ ಈ ಬ್ಯಾಕ್ಟೀರಿಯಾ ಉಳಿಯಲ್ಲ.

ರೆಡಿ ಆದ್ಮೇಲೆ ಮುಕ್ಕಾಲು ನೀರು ಬದಲಾಯಿಸಿ ಮಾರನೇ ದಿನವೇ ಮೀನು ಬಿಡಿ, ಊಟ ಇಲ್ದೆ ಬ್ಯಾಕ್ಟೀರಿಯಾನ ಖಾಲಿ ಇಡಬಾರದು. ನಮ್ಮ ಗಡಸು ನೀರಿಗೆ ಗಪ್ಪಿ, ಪ್ಲಾಟಿನೇ ಸರಿ, 50 ಲೀಟರಿಗೆ ಮೊದಲ ಕಂತಲ್ಲಿ ನಾಲ್ಕೈದು ಸಾಕು, ಗೋಲ್ಡ್ ಫಿಶ್ ಈ ಸೈಜಿಗೆ ಬೇಡವೇ ಬೇಡ. ಎರಡನೇ ಕಂತು ಎರಡು ವಾರ ಬಿಟ್ಟು, ಅಲ್ಲಿವರೆಗೂ ಒಂದಿನ ಬಿಟ್ಟು ಒಂದಿನ ಟೆಸ್ಟ್ ಮಾಡ್ತಾ ಇರಿ, ಅಮೋನಿಯಾ 0.25 ಬಂದ್ರೂ ಅವತ್ತೇ ಅರ್ಧ ನೀರು ಬದಲಾಯಿಸಿ.