ಮಲೆನಾಡ ಅಂಗಳದಲ್ಲಿ ಇಂಗ್ಲಿಷ್ ಕಾಟೇಜ್ ತೋಟ: ನವರಾತ್ರಿಗೆ ಬಿತ್ತನೆ, ಸಂಕ್ರಾಂತಿಗೆ ಹೂವು

ಇಂಗ್ಲೆಂಡಿನ ಹಳ್ಳಿಮನೆ ತೋಟದ ಫೋಟೊಗಳಲ್ಲಿ ಕಾಣುವ ಹೂವಿನ ರಾಶಿ ಜೂನ್-ಜುಲೈ ತಿಂಗಳಿನದು. ಅದೇ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದು ಹೊಡೆಯುತ್ತಿರುತ್ತದೆ. ಬೀಜದ ಪೊಟ್ಟಣದ ಹಿಂದೆ ಅಚ್ಚಾದ ತಿಂಗಳನ್ನು ನಂಬಿ ಏಪ್ರಿಲ್‌ನಲ್ಲಿ ಬಿತ್ತಿದರೆ ಅರ್ಧ ಸಸಿ ಬಿಸಿಲಿಗೆ ಬಾಡುತ್ತದೆ, ಉಳಿದದ್ದು ಆರಿದ್ರಾ ಮಳೆಗೆ ಕೊಳೆಯುತ್ತದೆ. ನಮ್ಮಲ್ಲಿ ಈ ತೋಟದ ಕಾಲ ದೀಪಾವಳಿಯಿಂದ ಯುಗಾದಿವರೆಗೆ.

ಗಿಡಗಳ ಪಟ್ಟಿಯನ್ನೂ ಹಾಗೇ ಎತ್ತಿಕೊಳ್ಳಬೇಡಿ. ಲಂಡನ್ನಿನಲ್ಲಿ ಜೂನ್‌ನ ಹಗಲು 16 ಗಂಟೆ ದಾಟುತ್ತದೆ. ಇಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಉದ್ದ ಹಗಲು ಬೇಡುವ ಗಿಡಕ್ಕೆ ಅದು ಸಾಲದು. ಸಾಮಾನ್ಯ ಫಾಕ್ಸ್‌ಗ್ಲವ್‌ಗೆ, ಬಹುವಾರ್ಷಿಕ ಡೆಲ್ಫಿನಿಯಂಗೆ ಗಟ್ಟಿ ಚಳಿ ಬೇಕು, ಇಲ್ಲಿ ಎಲೆಯ ಗುಪ್ಪೆಯಾಗಿಯೇ ಕೂತುಬಿಡುವುದು ಹೆಚ್ಚು. ಆ ಎತ್ತರದ ಹೂಗೊನೆಗಳ ಜಾಗಕ್ಕೆ ಹಾಲಿಹಾಕ್, ಲಾರ್ಕ್‌ಸ್ಪರ್, ಆಂಟಿರಿನಮ್, ನೀಲಿ ಸಾಲ್ವಿಯ ಸಾಕು. ಲ್ಯಾವೆಂಡರ್ ಬೇಕೇ ಬೇಕೆಂದರೆ ಕುಂಡದಲ್ಲಿರಲಿ, ಮಳೆಗಾಲಕ್ಕೆ ಸೂರಿನಡಿ ಸರಿಸಿ.

ಮಡಿಯ ಅಗಲ 4 ಅಡಿ ಮೀರಬಾರದು, ಗೋಡೆಗೆ ಒತ್ತಿಕೊಂಡಿದ್ದರೆ 3 ಅಡಿ. ಅದಕ್ಕಿಂತ ಹೆಚ್ಚಾದರೆ ನಡುವಿನ ಕಳೆ ಕೈಗೆ ಸಿಗದು, ಗಿಡ ತುಳಿಯಬೇಕಾಗುತ್ತದೆ. 4 ಅಡಿ ಅಗಲ, 10 ಅಡಿ ಉದ್ದದ ಮಡಿಯನ್ನು ಒಂದು ಅಡಿ ಆಳ ಅಗೆದು, ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿ. ಕಾಫಿ ಸೀಮೆಯ ಮಣ್ಣು ಹುಳಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ರ ಆಸುಪಾಸು ಬಂದಿದ್ದರೆ ಈ ಅಳತೆಗೆ ಮುಕ್ಕಾಲು ಕೆಜಿ ಕೃಷಿ ಸುಣ್ಣ ಬೆರೆಸಿ. ಮೂರು ವಾರ ಬಿಟ್ಟು ಎರಡು ಇಂಚು ದಪ್ಪ ಕಳಿತ ಕೊಟ್ಟಿಗೆ ಗೊಬ್ಬರ ಹರಡಿ. ಹನ್ನೆರಡು-ಹದಿಮೂರು ಬಾಂಡ್ಲಿ ಹಿಡಿಯುತ್ತದೆ. ಸುಣ್ಣ, ಗೊಬ್ಬರ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಕಾಫಿ ಸಿಪ್ಪೆ ಬಿಟ್ಟಿ ಸಿಗುತ್ತದೆಂದು ಹಸಿಯಾಗಿ ಸುರಿಯಬೇಡಿ: ಕೊಳೆಯುವಾಗ ಕಾವೇಳುತ್ತದೆ, ಬೇರು ಸುಡುತ್ತದೆ. ಹೈಡ್ರೇಂಜಿಯ ಇದ್ದ ಕಡೆ ಸುಣ್ಣ ಸೋಕಿಸಲೇಬೇಡಿ. ಹುಳಿ ಮಣ್ಣಿನ ಅಲ್ಯೂಮಿನಿಯಂನಿಂದಲೇ ಅದಕ್ಕೆ ಆ ನೀಲಿ.

ಬೀಜದಲ್ಲಿ ಎಡವುವವರೇ ಜಾಸ್ತಿ. ಕೆಂಪುಮಣ್ಣು, ಜರಡಿ ಹಿಡಿದ ಗೊಬ್ಬರ, ಮರಳು ಸಮಸಮ ಬೆರೆಸಿ ಟ್ರೇ ತುಂಬಿ. ಆಂಟಿರಿನಮ್ ಬೀಜ ನಶ್ಯದ ಪುಡಿಯಂತಿರುತ್ತದೆ. ಒಂದು ಚಮಚ ನುಣ್ಣನೆ ಮರಳಿನ ಜತೆ ಬೆರೆಸಿ ಉದುರಿಸಿ, ಅಂಗೈಯಲ್ಲಿ ಒತ್ತಿ, ಅಷ್ಟೇ. ಮೇಲೆ ಮಣ್ಣು ಮುಚ್ಚಿದರೆ ಬೆಳಕು ಸಿಗದೆ ಮೊಳೆಯದು. ಲಾರ್ಕ್‌ಸ್ಪರ್ ಇದಕ್ಕೆ ತದ್ವಿರುದ್ಧ: ಅದಕ್ಕೆ ಕತ್ತಲೂ ಬೇಕು, ತಂಪೂ ಬೇಕು. ಹೊಸ ಬೀಜವನ್ನೇ ತಂದು ಎರಡು ವಾರ ಫ್ರಿಜ್ಜಿನಲ್ಲಿಟ್ಟು, ರಾತ್ರಿ ತಣ್ಣಗಾದ ಮೇಲೆ, ಅಂದರೆ ಅಕ್ಟೋಬರ್ ಕೊನೆಗೆ, ನೇರ ಮಡಿಯಲ್ಲೇ ಕಾಲು ಇಂಚು ಆಳಕ್ಕೆ ಬಿತ್ತಿ. ತಾಯಿಬೇರಿನ ಗಿಡ, ಕಿತ್ತು ನೆಟ್ಟರೆ ಮುನಿಯುತ್ತದೆ. ಸ್ವೀಟ್ ಪೀ ಬೀಜ ರಾತ್ರಿಯಿಡೀ ನೆನೆಹಾಕಿ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಬುಡದಿಂದ ಕವಲೊಡೆಯುತ್ತದೆ.

ಟ್ರೇಯಲ್ಲಿ ಸಸಿ ದಿಢೀರನೆ ಒರಗಿತೇ? ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಂತೆ ಸಣ್ಣಗಾಗಿದ್ದರೆ ಅದು ಬುಡ ಕೊಳೆ, ಸಂಜೆ ನೀರು ಹಾಕಿದ್ದರ ಫಲ. ಸತ್ತದ್ದನ್ನು ಮಣ್ಣುಸಮೇತ ತೆಗೆದು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಉಳಿದವಕ್ಕೆ ಸುರಿಯಿರಿ.

ನಾಟಿ ನವೆಂಬರ್ ಮೊದಲ ವಾರ. ಹಾಲಿಹಾಕ್‌ಗೆ ಒಂದೂವರೆ ಅಡಿ, ಕಾಸ್ಮಾಸ್‌ಗೆ ಒಂದು ಅಡಿ, ಆಂಟಿರಿನಮ್‌ಗೆ 9 ಇಂಚು, ಅಂಚಿನ ಫ್ಲಾಕ್ಸ್, ಡಯಾಂಥಸ್‌ಗೆ 6-8 ಇಂಚು ಅಂತರ. ಹಾಲಿಹಾಕ್‌ನಲ್ಲಿ ಅದೇ ವರ್ಷ ಹೂಬಿಡುವ ತಳಿ ಕೇಳಿ ತನ್ನಿ. ಸಾಲು ಹಿಡಿದು ನೆಟ್ಟರೆ ಸರ್ಕಲ್ಲಿನ ಪಾರ್ಕಿನ ಹಾಗೆ ಕಾಣುತ್ತದೆ. ಇಂಗ್ಲೆಂಡಿನ ತೋಟಗಾರ್ತಿ ಗರ್ಟ್ರೂಡ್ ಜೀಕಿಲ್ (1843–1932) ಒಂದೊಂದು ಜಾತಿಯನ್ನು ಓರೆಯಾದ ಉದ್ದನೆಯ ಪಟ್ಟಿಗಳಾಗಿ, ಒಂದರೊಳಗೊಂದು ನುಸುಳುವಂತೆ ನೆಡುತ್ತಿದ್ದರು. ಹೂ ಮುಗಿದ ಪಟ್ಟಿಯನ್ನು ಮುಂದಿನದು ಮರೆಮಾಡುತ್ತದೆ. ನಡುನಡುವೆ ಸೊಪ್ಪು ಬರಲಿ. ಇಂಗ್ಲೆಂಡಿನ ಬಡವರ ಮನೆಯಲ್ಲೂ ಈ ತೋಟ ಅಡುಗೆಗೇ ಮೊದಲು. ಕೊತ್ತಂಬರಿ ಹೂಬಿಟ್ಟರೆ ಬಿಳಿ ಜಾಲರಿ, ಸಬ್ಬಸಿಗೆ ಹೂಬಿಟ್ಟರೆ ಹಳದಿ ಕೊಡೆ, ಮೂರು ಗಳ ಕಟ್ಟಿ ಹಬ್ಬಿಸಿದ ಹುರುಳಿಕಾಯಿ ಗೋಪುರ.

ಆಸರೆಗೆ ಅಡಿಕೆ ದಬ್ಬೆ ಒಳ್ಳೆಯದು. ಹಸಿ ಹಾಲುವಾಣದ ಕೋಲು ಊರಿದರೆ ಯುಗಾದಿಗೆ ಮಡಿಯಲ್ಲಿ ಹಾಲುವಾಣದ ಮರವೇ ಇರುತ್ತದೆ.

ಜನವರಿ ಮೇಲೆ ದಿನ ಬಿಟ್ಟು ದಿನ, ಬೆಳಗ್ಗೆ, ಬುಡಕ್ಕೆ ಮಾತ್ರ ನೀರು. ಇಷ್ಟು ಮಡಿಗೆ 45 ಲೀಟರ್, ಮೂರ್ನಾಲ್ಕು ಬಿಂದಿಗೆ. ಇಬ್ಬನಿ ಬೀಳುವ ಊರಲ್ಲಿ ಎಲೆಗೂ ನೀರು ಚಿಮುಕಿಸಿದರೆ ಹಾಲಿಹಾಕ್‌ಗೆ ತುಕ್ಕು ರೋಗ ಖಚಿತ. ಕೆಳಗಿನ ಎಲೆ ಮಗುಚಿ ನೋಡಿ, ರಾಗಿಕಾಳಿಗಿಂತ ಸಣ್ಣ ಕಿತ್ತಳೆ-ಕಂದು ಗುಳ್ಳೆ ಕಂಡರೆ ಆ ಎಲೆ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕಾಸ್ಮಾಸ್ ಆರಡಿ ಎದ್ದು ಹೂವೇ ಬಿಡದೆ ಮಲಗಿದರೆ ರೋಗವಲ್ಲ, ಗೊಬ್ಬರ ಹೆಚ್ಚಾಗಿದೆ.

ಮಾರ್ಚ್ ಮುಗಿಯುವಾಗ ಒಣಗಿದ್ದನ್ನೆಲ್ಲ ಒಟ್ಟಿಗೆ ಕೀಳಬೇಡಿ. ಕಾಸ್ಮಾಸ್, ಕೊತ್ತಂಬರಿ ಕಾಳು ಉದುರಲಿ, ತಾವಾಗಿ ಹುಟ್ಟಿದವೇ ಚೆನ್ನಾಗಿ ಬರುತ್ತವೆ. ಮಳೆಗಾಲದಲ್ಲಿ ಮಡಿ ಖಾಲಿ ಬಿಡುವುದೂ ಬೇಡ: ಡೇರೆ (ಡೇಲಿಯಾ), ಕರ್ಣಕುಂಡಲ ನಮ್ಮವೇ ಇವೆಯಲ್ಲ. ಮಡಿಯ ಕೆಳಬದಿಗೆ ಒಂದು ಅಡಿ ಆಳದ ಬಸಿಗಾಲುವೆ ಇಲ್ಲದಿದ್ದರೆ ಡೇರೆ ಗೆಡ್ಡೆ ಕೊಳೆಯುತ್ತದೆ. ಬಸವನಹುಳು ಬಂದರೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಗ್ಗೆ ಮಗುಚಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಮಡಿಗೇ ಉಪ್ಪು ಎರಚಿದರೆ ಹುಳುವಿನ ಜತೆ ಗಿಡವೂ ಹೋಗುತ್ತದೆ.