ಫೊಂಟೈನ್ಹಾಸ್ ಓಣಿಗಳಲ್ಲಿ ಶಿಲುಬೆ ನೋಡುವ ಬಗೆ

ಪಣಜಿಯ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುವವಳು ನಾನು. ಶಿಲುಬೆಗೂ ಹನುಮಪ್ಪನಿಗೂ ಹಾರ ಹೋಗುವುದು ಇದೇ ಕೈಯಿಂದ. ಹುಬ್ಬಳ್ಳಿಯಿಂದ ಬರುವ ನೆಂಟರು ದೊಡ್ಡ ಚರ್ಚಿನ ಬಿಳಿ ಮೆಟ್ಟಿಲ ಮುಂದೆ ಫೋಟೊ ತೆಗೆಸಿಕೊಂಡು ಕಡಲಿಗೆ ಓಡುತ್ತಾರೆ. ಓಡಲಿ. ನೀವು ಬೆಳಗ್ಗೆ ಎಂಟರೊಳಗೆ ಪಣಜಿಯ ಹಳೆಯ ಕೇರಿಯಾದ ಫೊಂಟೈನ್ಹಾಸ್‌ಗೆ ಬನ್ನಿ. ತಡವಾದರೆ ಬಣ್ಣದ ಗೋಡೆಗಳ ಮುಂದೆಲ್ಲ ಮದುವೆ ಜೋಡಿಗಳು ನಿಂತಿರುತ್ತಾರೆ.

ಮೊದಲು ಸಂತ ಸೆಬಾಸ್ಟಿಯನ್ನನ ಪ್ರಾರ್ಥನಾ ಮಂದಿರ. ನಮ್ಮ ಕಡೆ ಪ್ಲೇಗಮ್ಮನಿಗೆ ಹರಕೆ ಹೊತ್ತಂತೆ, ಪ್ಲೇಗಿನ ಕಾಲದಲ್ಲಿ ಕ್ರೈಸ್ತರು ಮೊರೆ ಹೋಗುತ್ತಿದ್ದ ಸಂತ ಇವನು. ಬಾಗಿಲು ತೆರೆದಿದ್ದರೆ ಒಳಗಿನ ಶಿಲುಬೆಯನ್ನು ನೋಡಿ. ಬೇರೆಡೆ ಹೆಚ್ಚಾಗಿ ಯೇಸುವಿನ ತಲೆ ವಾಲಿ ಕಣ್ಣು ಮುಚ್ಚಿರುತ್ತದೆ. ಇಲ್ಲಿ ತಲೆ ನೆಟ್ಟಗಿದೆ, ಕಣ್ಣು ತೆರೆದಿದೆ. ಹಳೆ ಗೋವಾದ ಇನ್‌ಕ್ವಿಸಿಷನ್, ಅಂದರೆ ಮತಕ್ಕೆ ತಪ್ಪಿದರೆಂದು ಜನರನ್ನು ಹಿಡಿದು ನಡೆಸುತ್ತಿದ್ದ ಚರ್ಚಿನ ವಿಚಾರಣೆಯ ಅರಮನೆಯಲ್ಲಿದ್ದದ್ದಂತೆ ಇದು. ಆ ವಿಚಾರಣೆ 1812ರಲ್ಲಿ ನಿಂತುಹೋಯಿತು. ಆರೋಪಿಗಳು ಹೆದರಲೆಂದೇ ಕಣ್ಣು ಹಾಗೆ ಮಾಡಿದ್ದರು ಎನ್ನುತ್ತಾರೆ. ನಾನು ಹಾರ ಕೊಟ್ಟು ಬೇಗ ಹೊರಡುತ್ತೇನೆ.

ಹೊರಗೆ ಬಂದ ಮೇಲೆ ನಿಧಾನವಾಗಿ ನಡೆಯಿರಿ. ಮನೆಗಳ ಆವರಣದ ಗೋಡೆ, ಓಣಿಯ ತಿರುವು, ಬಾವಿಯ ಪಕ್ಕ ನೋಡುತ್ತಾ ಹೋಗಿ. ಗೋವಾದ ಹಳೆಯ ಶಿಲುಬೆಗಳು ಹೆಚ್ಚಾಗಿ ಜಂಬಿಟ್ಟಿಗೆ ಕಲ್ಲಿನ ಕಟ್ಟೆಯ ಮೇಲೆ ಗಾರೆ ಮೆತ್ತಿ ಸುಣ್ಣ ಬಳಿದವು. ತಲೆಯ ಮೇಲೆ ಐ, ಎನ್, ಆರ್, ಐ ಎಂಬ ಲ್ಯಾಟಿನ್ ಅಕ್ಷರಗಳಿರುತ್ತವೆ: ನಜರೇತಿನ ಯೇಸು, ಯೆಹೂದ್ಯರ ಅರಸ. ಕೆಲವುಗಳ ಮೈಮೇಲೆ ಏಣಿ, ಸುತ್ತಿಗೆ, ಮೊಳೆ, ಇಕ್ಕಳ, ಹುಂಜ ಕೆತ್ತಿರುತ್ತಾರೆ. ಯೇಸುವಿನ ಕೊನೆಯ ಗಳಿಗೆಗಳ ಕಥೆಯೆಲ್ಲ ಅದರಲ್ಲೇ ಇದೆ. ಪೀಠದಲ್ಲಿ ಇಸವಿ ಇದ್ದರೆ ಓದಿ. ಆದರೆ ನನ್ನ ಕಣ್ಣು ಮೊದಲು ಹೋಗುವುದು ಮೇಣದಬತ್ತಿ ಹಚ್ಚುವ ಗೂಡಿನತ್ತ: ಮೇಣ ಹಸಿಯಾಗಿದೆಯೇ, ಮಸಿ ಹೊಸದೇ, ಚೆಂಡು ಹೂ ಬಾಡಿದೆಯೇ? ಯಾರೂ ನೋಡಿಕೊಳ್ಳದ ಶಿಲುಬೆಗೆ ಎಷ್ಟು ವಯಸ್ಸಾಗಿದ್ದರೇನು, ನನಗೆ ಅದು ಬರಿಯ ಕಲ್ಲು.

ಮೇ ತಿಂಗಳಲ್ಲಿ ಬಂದರೆ ಸಂಜೆ ಎಲ್ಲಾದರೂ ಲದಿನ್ ಕೇಳಿಸೀತು. ಶಿಲುಬೆಯ ಮುಂದೆ ನೆರೆಹೊರೆಯವರು ಸೇರಿ ಹಾಡುವ ಪ್ರಾರ್ಥನೆ ಅದು. ಚಪ್ಪಲಿ ಬಿಟ್ಟು ಹಿಂದೆ ನಿಲ್ಲಿ, ಮೊಬೈಲ್ ಒಳಗಿಡಿ. ಕೊನೆಗೆ ಬೇಯಿಸಿದ ಕಡಲೆ ಹಂಚುತ್ತಾರೆ, ಬೇಡವೆನ್ನಬೇಡಿ. ಫೆನಿಯ ವಿಷಯ ನಿಮಗೆ ಬಿಟ್ಟದ್ದು.

ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಪಕ್ಕದ ಮಳಾ ಕೇರಿಯ ಕಡೆಯಿಂದ ಗುಡ್ಡದ ಮಾರುತಿ ಗುಡಿಗೆ ಹತ್ತಿ. ಶನಿವಾರವಾದರೆ ಎಕ್ಕೆ ಎಲೆಯ ಹಾರ ಒಯ್ಯಿರಿ.

ಮಡಗಾಂವ್ ಕಡೆಯ ಬಸ್ ಹಿಡಿಯುವವರು ಬಾಂಬೋಳಿಯಲ್ಲಿ ಹೆದ್ದಾರಿಯ ಪಕ್ಕದ 'ಫುಲಾಂಚೊ ಖುರಿಸ್', ಅಂದರೆ ಹೂವಿನ ಶಿಲುಬೆ, ನೋಡಿ ಹೋಗಿ. ಜಾತಿ ಧರ್ಮ ಕೇಳದೆ ಎಲ್ಲರೂ ಹೂ ಏರಿಸುವ ಶಿಲುಬೆ. ಹಾರ ಮಾತ್ರ ಪಣಜಿಯಿಂದಲೇ ಕೊಂಡೊಯ್ಯಿರಿ. ನನ್ನ ವ್ಯಾಪಾರವೂ ಆಗಬೇಕಲ್ಲ.